ಮಾವನ ಮುಖದ ಕೂಳೆ ಬೆಳೆ

ಕಾಲವೆಂಬುದು ಮಹಾ ನಿಷ್ಪಕ್ಷಪಾತಿ. ಅರಸನ ಹಣೆಯ ಮೇಲೂ ಗೆರೆ ಎಳೆಯುತ್ತದೆ, ಆಳಿನ ಹಣೆಯ ಮೇಲೂ ಎಳೆಯುತ್ತದೆ. ಅದು ಎಳೆದ ಗೆರೆಯನ್ನು ಅಳಿಸಿದವರು ಮೂರು ಲೋಕದಲ್ಲೂ ಇಲ್ಲ. ಈ ಮಾತನ್ನು ಒಪ್ಪದೆ, ಬೆಳಗಿನ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋಗಿ ಅಳಿಸಿಕೊಂಡೇ ಬರುತ್ತೇನೆಂದು ಹೊರಟ ಧೀರರು ಹಳಿಯಾಳ ತಾಲೂಕಿನಲ್ಲಿ ನನಗೆ ತಿಳಿದಂತೆ ಒಬ್ಬರೇ. ಅವರು ನನ್ನ ಸೋದರಮಾವ!

ಹೊಸ ಶತಮಾನ ಆಗಷ್ಟೇ ಹುಟ್ಟಿತ್ತು. ಶತಮಾನದ ಮುಖದ ಮೇಲೆ ಇನ್ನೂ ಒಂದು ಗೆರೆಯೂ ಬಿದ್ದಿರಲಿಲ್ಲ. ಮಾವನ ಮುಖದ ಮೇಲೆ ಹೊಸದೊಂದು ಬೀಳಲು ಜಾಗವೇ ಉಳಿದಿರಲಿಲ್ಲ. ಜೀವಮಾನವಿಡೀ ಕಬ್ಬಿನ ಹೊಲದಲ್ಲಿ ಬಿಸಿಲು ಕಾಯಿಸಿಕೊಂಡ ಮುಖ. ಕಬ್ಬು ಬೆಳೆದು ನಾಡಿಗೆಲ್ಲ ಸಿಹಿ ಹಂಚಿದ್ದಕ್ಕೆ ಪ್ರತಿಫಲವಾಗಿ ದೇವರು ಅವರಿಗೆ ಸಕ್ಕರೆ ಕಾಯಿಲೆ ದಯಪಾಲಿಸಿದ್ದ. ಕಬ್ಬಿನ ಗೌಡರು ಕುಡಿಯುವುದು ಸಪ್ಪೆ ಚಹಾ! ಅದಕ್ಕೂ ಅವರು ಗೊಣಗಿದವರಲ್ಲ.

ಹಾಗಿದ್ದ ಮನುಷ್ಯನಿಗೆ ಗೆರೆಗಳ ಚಿಂತೆ ಹತ್ತಿದ್ದು ಅತ್ತೆಯ ಕಣ್ಣಿನಿಂದ. ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. ಜಗತ್ತೆಲ್ಲ ಹೊಗೆ, ಆ ಹೊಗೆಯಲ್ಲಿ ಮಾವನ ಹಣೆಯ ಮೂರೆಳೆ ವಿಭೂತಿ ಮಾತ್ರ ಬೆಳ್ಳಗೆ ತೇಲಿ ಬರುತ್ತಿತ್ತು. ಅದನ್ನು ನೋಡಿಯೇ ಅವರು ಗಂಡನನ್ನು ಗುರುತು ಹಿಡಿಯುತ್ತಿದ್ದರು, ಅದರೊಂದಿಗೇ ಜಗಳವಾಡುತ್ತಿದ್ದರು. ಚಳಿ ಬಿದ್ದ ಮೇಲೆ ಆಪರೇಷನ್ ಎಂದು ನಿಗದಿಯಾಯಿತು. ಮನೆಯವರೆಲ್ಲ ಹಿಗ್ಗಿದರು. ಮಾವ ಮಾತ್ರ ನನ್ನನ್ನು ದನದ ಕೊಟ್ಟಿಗೆಯ ಹಿಂದೆ ಕರೆದೊಯ್ದರು.

“ತಮ್ಮಾ, ಪಟ್ಟಿ ಬಿಚ್ಚಿದ ಕೂಡ್ಲೆ ಅಕಿಗೆ ಮೊದಲ ಕಾಣೂದು ಯಾರ ಮಾರಿ?”

“ಡಾಕ್ಟರದು.”

“ಆಮ್ಯಾಲೆ?”

“ನಿಮ್ಮದು.”

“ಅಲ್ಲಪಾ, ಅಕಿ ಕಡೀಕ ನೋಡಿದಾಗ ಈ ಮಾರಿ ಹಿಂಗ ಇತ್ತೇನು? ಎದಿ ಒಡಕೊಂಡಾಳು!”

ಹಳಿಯಾಳದ ಬಸ್ ಸ್ಟ್ಯಾಂಡಿನ ಎದುರು ಅವರ ಖಾಯಂ ಕ್ಷೌರದಂಗಡಿ. ಅಲ್ಲಿ ಗಡ್ಡ ಬೋಳಿಸುವವನು ಉರಿಯುವ ಗಾಯಕ್ಕೆ ಉಪ್ಪು ಸವರಿದ್ದ: “ಗೌಡ್ರ, ನಿಮ್ಮ ಗಲ್ಲದ ಮ್ಯಾಲೆ ಕತ್ತಿ ಆಡಸೂದಂದ್ರ ಅಣಶಿ ಘಾಟಿನ್ಯಾಗ ಲಾರಿ ಹೊಡದಂಗ್ರಿ.” ಅದೇ ಅಂಗಡಿಯ ಹಳೆಯ ವಾರಪತ್ರಿಕೆಯೊಂದರಲ್ಲಿ ಮಾವನಿಗೆ ಮೋಕ್ಷಮಾರ್ಗ ಕಾಣಿಸಿತು. ಲೇಸರ್! ಒಂದೇ ಹೆಂಗಸಿನ ಎರಡು ಫೋಟೋ: ಮೊದಲನೆಯದು ಒಣಗಿದ ಖರ್ಜೂರ, ಎರಡನೆಯದು ಗಾಜಿನ ಲೋಟ.

ಹಳಿಯಾಳದಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನನ್ನನ್ನು ದುಭಾಷಿಯಾಗಿ ಕಟ್ಟಿಕೊಂಡು ಮಾವ ಹುಬ್ಬಳ್ಳಿಗೆ ದಂಡೆತ್ತಿ ಹೋದರು. ಚರ್ಮದ ಡಾಕ್ಟರರ ಬಾಗಿಲಲ್ಲಿ ಕಾಯುತ್ತಿದ್ದವರೆಲ್ಲ ಮೊಡವೆಯ ಹುಡುಗಿಯರು. ಅವರ ನಡುವೆ ತಲೆಗೆ ಪಟಗ ಸುತ್ತಿದ ಮಾವ, ಸಂತೆಗೆ ಬಂದ ಎತ್ತಿನಂತೆ ಗಂಭೀರವಾಗಿ ಕುಳಿತರು.

ಡಾಕ್ಟರರು ಒಳ್ಳೆಯವರು, ಇಂಗ್ಲಿಷ್ ಬೆರೆಸಿ ತಾಳ್ಮೆಯಿಂದ ವಿವರಿಸಿದರು. ಲೇಸರ್ ಬೆಳಕು ಮೇಲಿನ ಚರ್ಮವನ್ನು ಸುಟ್ಟು ತೆಗೆಯುತ್ತದೆ, ಅಡಿಯಿಂದ ಹೊಸ ಚರ್ಮ ಬರುತ್ತದೆ. ಅನುವಾದ ಮಾಡಲು ನಾನು ಬಾಯಿ ತೆರೆಯುವುದರೊಳಗೆ ಮಾವನಿಗೆ ತಿಳಿದುಹೋಗಿತ್ತು.

“ಅಂದ್ರ ಕಬ್ಬು ಕಡದು, ರವದಿ ಸುಟ್ಟು, ಕೂಳಿ ಬೆಳಿ ಬಿಟ್ಟಂಗ!”

ರವದಿಯೆಂದರೆ ಒಣಗಿದ ಕಬ್ಬಿನೆಲೆ, ಕೂಳೆಯೆಂದರೆ ಕಟಾವಾದ ಕಬ್ಬಿನ ಬುಡದಿಂದಲೇ ಮತ್ತೆ ಚಿಗುರುವ ಬೆಳೆ ಎಂದು ನಾನು ಡಾಕ್ಟರರಿಗೆ ತಿಳಿಸಿದೆ. ಅವರು ತಲೆದೂಗಿದರು. ತಲೆದೂಗಿದ್ದೇ ತಪ್ಪಾಯಿತು.

“ಮತ್ತ ಕೂಳಿಯೊಳಗ ಇಳುವರಿ ಬೀಳ್ತೈತೆಲ್ರಿ? ನಿಮ್ಮಲ್ಲಿ ಹೆಂಗ?”

ಡಾಕ್ಟರರು ಪಥ್ಯಕ್ಕೆ ಹಾರಿದರು. ತಿಂಗಳುಗಟ್ಟಲೆ ಬಿಸಿಲಿಗೆ ಹೋಗಬಾರದು. ಗಾಯ ಮಾಯುವವರೆಗೆ ಮುಲಾಮು ಬಿಟ್ಟು ಏನನ್ನೂ ಹಚ್ಚಬಾರದು. ಮೊದಮೊದಲು ಹೆಚ್ಚು ಮಾತಾಡಬಾರದು, ನಗಬಾರದು. ಇಷ್ಟು ಮಾಡಿದರೂ ಈ ಬಣ್ಣದ ಚರ್ಮಕ್ಕೆ ಕಪ್ಪು ಕಲೆ ಬೀಳಬಹುದು. ಸಕ್ಕರೆ ಕಾಯಿಲೆ ಬೇರೆ ಇದೆ. ಯೋಚನೆ ಮಾಡಿ ಬನ್ನಿ.

“ವಿಭೂತಿ ಹಚ್ಚಬಹುದಲ್ರಿ?”

“ಹಚ್ಚಬಾರದು.”

ವಾಪಸ್ ಬರುವ ಬಸ್ಸು ಧಾರವಾಡ ದಾಟಿತು. ಆಮೇಲೆ ತೀರ್ಪು ಹೊರಬಿತ್ತು: “ಹೊಸಾ ಬೀಜ ಒಮ್ಮೆಲೆ ಹೊಲಾ ತುಂಬ ಹಾಕಬಾರದು ತಮ್ಮಾ. ಮೊದಲ ಒಂದು ಮಡಿಯೊಳಗ ಹಾಕಿ ನೋಡಬೇಕು.”

ಅಂದರೆ? ಲೇಸರ್ ಇಲ್ಲದೆಯೇ ಪಥ್ಯದ ತಾಲೀಮು! ಮರುದಿನದಿಂದಲೇ ಹಣೆ ಬೋಳಾಯಿತು. ಶಿವನಿಗೆ ನಷ್ಟವಾಗದಿರಲೆಂದು ಎದೆಗೂ ತೋಳಿಗೂ ಎರಡು ಪಟ್ಟು ಬಳಿದುಕೊಂಡು ಮೇಲೆ ಅಂಗಿ ತೊಟ್ಟರು. ಕೊಡೆ ಹಿಡಿದು, ಮುಖಕ್ಕೆ ಟವೆಲ್ ಸುತ್ತಿ ಹೊಲಕ್ಕೆ ಹೋದರೆ, ಅವರೇ ಸಾಕಿದ ನಾಯಿ ಅವರನ್ನು ಬದುವಿನ ತನಕ ಅಟ್ಟಿಸಿಕೊಂಡು ಬಂತು. ಬಯ್ಯೋಣವೆಂದರೆ ಮಾತಾಡುವಂತಿಲ್ಲ, ಕಂಡವರಿಗೆ ನಗು ಬಂದರೆ ಅವರು ನಗುವಂತಿಲ್ಲ!

ಆ ಭಾನುವಾರ ಫಲಿತಾಂಶ ನೋಡಲು ನಾನು ಹೋದೆ. ಪಡಸಾಲೆಯಲ್ಲಿ ಮಾವ ಮೌನವ್ರತದಲ್ಲಿ ಕುಳಿತಿದ್ದರು. ಒಳಗಿನಿಂದ ಬಂದ ಅತ್ತೆ ಹೊಸಿಲಲ್ಲಿ ನಿಂತರು. ಬಿಳಿ ಗೆರೆ ಕಾಣಲಿಲ್ಲ.

“ಯಾರ್ರೀ ಅದು? ಕೂಡ್ರಿ. ಮನಿಯವರು ಹೊಲಕ್ಕ ಹೋಗ್ಯಾರ, ಬರ್ತಾರ.”

ಮಾವ ನನ್ನತ್ತ ಕಣ್ಣು ಮಿಟುಕಿಸಿದರು. ನಾನು ಸದ್ದಾಗದಂತೆ ಮೂಲೆಗೆ ಸರಿದೆ. ಅತ್ತೆ ಗೋಡೆ ಹಿಡಿದು ಹೋಗಿ ಚಹಾ ತಂದರು, ಲೋಟವನ್ನು ‘ಅತಿಥಿ’ಯ ಕೈಗೆ ಮುಟ್ಟಿಸಿ ಕಂಬಕ್ಕೆ ಒರಗಿ ಕುಳಿತರು.

“ನನಗ ಕಣ್ಣು ಮಾಡಸ್ತಾರಂತ್ರಿ. ಈ ವಯಸ್ಸಿನ್ಯಾಗ ಏನ್ ನೋಡೂದೈತಿ ಅಂತ ಭಾಳ ದಿನಾ ಬ್ಯಾಡ ಅಂದೆ. ಆದ್ರ ಒಂದು ಆಸೆ ಐತ್ರಿ. ನಮ್ಮನಿಯವರಿಗೆ ವಯಸ್ಸಾಗೇತಿ ಅಂತ ಎಲ್ಲಾರೂ ಅಂತಾರ. ಊರ ಮಂದಿ ನೋಡ್ಯಾರ, ಗಡ್ಡ ತಗಿಯಾಂವ ನೋಡ್ಯಾನ, ನಾಯಿ ಸುದ್ದಾ ನೋಡೇತಿ. ನಾನೊಬ್ಬಾಕಿನ ನೋಡಿಲ್ಲ. ಮದಿವ್ಯಾದಾಕಿ ನಾನು, ನನ್ನ ಪಾಲಿಂದು ನನಗ ಕಾಣಬ್ಯಾಡೇನ್ರಿ?”

ಮಾವ ಚಹಾ ಒಂದು ಗುಟುಕು ಕುಡಿದರು. ಲೋಟದೊಳಗೆ ನೋಡಿದರು. ಮತ್ತೊಂದು ಗುಟುಕು ಕುಡಿದರು. ಅತ್ತೆ ಎದ್ದು ಒಳಗೆ ಹೋದರು.

ಬಂದವರಿಗೆ ಕಡಿಮೆ ಸಿಹಿಯ ಚಹಾ ಕೊಟ್ಟರೆ ಮನೆಗೆ ಅಪಮಾನವೆಂದು ತಿಳಿದವರು ನಮ್ಮ ಅತ್ತೆ. ಮಾವ ಲೋಟವನ್ನು ನನ್ನ ಮುಂದೆ ಹಿಡಿದು ತಾಲೀಮು ಮುರಿದರು.

“ಸಕ್ರಿ ಹಾಕಿಲ್ಲ ತಮ್ಮಾ.”

ಆಮೇಲೆ ಹಿತ್ತಲಿಗೆ ಹೋಗಿ ಮುಖ ತೊಳೆದು, ಹಣೆಯ ಗೆರೆಗುಂಟ ಮೂರು ಬೆರಳು ಎಳೆದು ವಿಭೂತಿ ಹಚ್ಚಿಕೊಂಡು, ಹೊಲದಿಂದ ಬಂದವರ ಹಾಗೆ ಕೆಮ್ಮುತ್ತ ಮುಂಬಾಗಿಲಿನಿಂದ ಬಂದರು.

“ಬಂದ್ರೇನು? ಯಾರೋ ಬಂದಿದ್ರು. ಮೂಕರಿರಬೇಕು ಪಾಪ,” ಎಂದರು ಅತ್ತೆ ಒಳಗಿನಿಂದ.

“ಹೋದ್ರು,” ಎಂದರು ಮಾವ.

ಚಳಿ ಬಿದ್ದ ಮೇಲೆ ಅತ್ತೆಗೆ ಆಪರೇಷನ್ ಆಯಿತು, ಕಣ್ಣು ಬಂತು. ಮಾವ ಲೇಸರ್ ಮಾಡಿಸಲಿಲ್ಲ.