ಪ್ರಾಗ್‌ನಲ್ಲಿ ನಮ್ಮವರು

ನನಗೊಂದು ಚಟವಿದೆ. ಕುಡಿತವಲ್ಲ, ಇಸ್ಪೀಟೂ ಅಲ್ಲ. ಅವಾಗಿದ್ದರೆ ಬಿಡಿಸಲು ಡಾಕ್ಟರಾದರೂ ಸಿಗುತ್ತಿದ್ದರು. ಯಾರಾದರೂ ಯಾವುದಾದರೂ ಊರಿನ ಹೆಸರೆತ್ತಿದರೆ ಸಾಕು, "ಅಲ್ಲಿ ನಮ್ಮವರು ಯಾರಿದ್ದಾರೆ?" ಎಂದು ನನ್ನ ಬಾಯಿ ತಾನಾಗಿ ಕೇಳಿಬಿಡುತ್ತದೆ. ನಮ್ಮವರೆಂದರೆ ನೆಂಟರೇ ಆಗಬೇಕೆಂದಿಲ್ಲ. ಕನ್ನಡ ಬಂದರೆ ಸಾಕು, ಮನೆಯಲ್ಲಿ ಸಾರಿನ ಪುಡಿ ಇದ್ದರೆ ಇನ್ನೂ ಒಳ್ಳೆಯದು. ಡಲ್ಲಾಸ್ ಕಡೆಯ ಲಿಟಲ್ ಎಲ್ಮ್‌ನಿಂದ ಆಸ್ಟಿನ್ ಹತ್ತಿರದ ಲಿಯಾಂಡರ್‌ಗೆ ಶಿಫ್ಟ್ ಆದಾಗ, ಮನೆ ನೋಡುವ ಮೊದಲು ಆ ಬೀದಿಯಲ್ಲಿ ನಮ್ಮವರಿದ್ದಾರೆಯೇ ಎಂದು ವಿಚಾರಿಸಿದವನು ನಾನು. ಇದ್ದರು. ಮನೆ ಸೋರುತ್ತಿತ್ತು, ಅದನ್ನು ಮಾತ್ರ ವಿಚಾರಿಸಿರಲಿಲ್ಲ.

ಇಂಥವನ ಮಗಳು ಇಂಚರ. ಆಸ್ಟಿನ್‌ನಲ್ಲಿ ಆರ್ಕಿಟೆಕ್ಚರ್ ಓದುತ್ತಾ ಹಾಸ್ಟೆಲಿನಲ್ಲಿದ್ದಾಳೆ. ಈ ಮಾರ್ಚ್‌ನ ಸ್ಪ್ರಿಂಗ್ ಬ್ರೇಕ್ ರಜೆಗೆ ಗೆಳತಿಯರಾದ ಎಮಿಲಿ, ಗ್ರೇಸ್ ಜೊತೆ ಪ್ರಾಗ್‌ಗೆ ಹೊರಟು ನಿಂತಳು. ಅಲ್ಲಿನ ಹಳೆಯ ಕಲ್ಲಿನ ಸೇತುವೆ, ಕೋಟೆ, ಗೋಪುರಗಳನ್ನು ನೋಡಬೇಕೆಂದು ಅವಳಿಗೆ ಬಹುದಿನದ ಆಸೆ. ನಾವಿಲ್ಲದೆ ಅವಳು ಮಾಡುವ ಮೊದಲ ದೊಡ್ಡ ಪ್ರವಾಸವೂ ಅದೇ. "ಅಪ್ಪಾ, ನೋ ಅಂಕಲ್ಸ್, ನೋ ಆಂಟೀಸ್. ಪ್ರಾಮಿಸ್ ಮಿ," ಎಂದಳು. ಮಾತು ತಪ್ಪಿದರೆ ಇನ್ನು ಮುಂದೆ ತನ್ನ ಯಾವ ವಿಷಯವನ್ನೂ ನನಗೆ ಹೇಳುವುದಿಲ್ಲವೆಂದು ಶುದ್ಧ ಇಂಗ್ಲಿಷಿನಲ್ಲಿ ಎಚ್ಚರಿಸಿದಳು. ನಾನು ದೇವರ ಫೋಟೊ ಮುಂದೆ ನಿಂತು ಮಾತು ಕೊಟ್ಟೆ.

ಅವಳ ಕಾರು ತಿರುವು ದಾಟುವಷ್ಟರಲ್ಲಿ ಧಾರವಾಡದವಳಾದ ನನ್ನ ಹೆಂಡತಿ ಶೈಲಾ ಶುರುಮಾಡಿದಳು. "ಅಲ್ರೀ, ಹುಡುಗಿ ಅಷ್ಟು ದೂರ ಹೊಂಟಾಳ. ಅಲ್ಲೆ ನಮ್ಮವರು ಯಾರರೆ ಇದ್ದಾರೇನು ಅಂತ ನೋಡಬಾರದೇನು?" ನಾನು ಕೊಟ್ಟ ಮಾತು ಅಂಕಲ್‌ಗಳನ್ನು ಪರಿಚಯ ಮಾಡಿಸುವುದಿಲ್ಲ ಎಂದು, ಹುಡುಕುವುದೇ ಇಲ್ಲ ಎಂದಲ್ಲವಲ್ಲ ಎಂದು ನನ್ನೊಳಗಿನ ವಕೀಲ ಕೂಡಲೇ ಎದ್ದು ನಿಂತ. ಕನ್ನಡ ಬಳಗದ ಗ್ರೂಪಿಗೆ ಒಂದೇ ಒಂದು ಮೆಸೇಜ್ ಹಾಕಿದೆ. ಕಾಫಿ ಆರುವಷ್ಟರಲ್ಲಿ ಪಕ್ಕದೂರು ಜಾರ್ಜ್‌ಟೌನ್‌ನ ಗೆಳೆಯರೊಬ್ಬರ ಭಾವಮೈದ, ಪ್ರಾಗ್‌ನಲ್ಲಿ ಎಂಜಿನಿಯರ್ ಆಗಿರುವ ಶ್ರೀಕಾಂತ್ ಎಂಬುವರು ಸಿಕ್ಕರು.

"ಊಟಕ್ಕೆ ಮನೆಗೇ ಕಳ್ಸಿ ಸಾರ್, ನಮ್ಮ ಮಗಳಿದ್ದ ಹಾಗೆ," ಎಂದರು ಶ್ರೀಕಾಂತ್. ಬೇಡವೇ ಬೇಡ, ನಾನು ಹೇಳಿದೆನೆಂದು ಅವಳಿಗೆ ಗೊತ್ತಾಗಬಾರದು, ಸುಮ್ಮನೆ ದೂರದಿಂದ ಒಂದು ಕಣ್ಣಿಟ್ಟಿರಿ ಎಂದೆ. ಅವಳ ಒಂದು ಫೋಟೊವನ್ನೂ ಹೋಟೆಲಿನ ಹೆಸರನ್ನೂ ಕಳಿಸಿದೆ. ಕಣ್ಣಿಟ್ಟಿರಿ ಎನ್ನುವುದೆಲ್ಲ ನಾವು ಫೋನ್ ಇಡುವಾಗ ಆಡುವ ಮಾತು. ಅದನ್ನು ಯಾರಾದರೂ ಅಕ್ಷರಶಃ ಪಾಲಿಸುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಅವಳು ಪ್ರಾಗ್ ತಲುಪಿದ ಮರುದಿನ ಬೆಳಿಗ್ಗೆ ಆಫೀಸಿನ ಮೀಟಿಂಗಿನಲ್ಲಿದ್ದೆ. ಇಂಚರಳ ಫೋನ್ ಬಂತು. ಅಲ್ಲಿ ಆಗ ಮಧ್ಯಾಹ್ನ. ಯಾರೋ ಒಬ್ಬ ಇಂಡಿಯನ್, ಕಪ್ಪು ಜಾಕೆಟ್ ಹಾಕಿಕೊಂಡವನು, ಹೋಟೆಲಿನಿಂದ ಹಿಂದೆಯೇ ಬರುತ್ತಿದ್ದಾನಂತೆ. ಕೋಟೆಯಲ್ಲೂ ಅವನೇ, ಸೇತುವೆಯ ಮೇಲೂ ಅವನೇ. ಇವರು ನಿಂತರೆ ತಾನೂ ನಿಂತು ನದಿ ನೋಡುತ್ತಾನಂತೆ. ಅವಳ ದನಿ ನಡುಗುತ್ತಿತ್ತು. ಜನ ಇರುವ ಕಡೆಯೇ ಇರು ಎಂದು ಹೇಳಿ, ಮೀಟಿಂಗಿನಿಂದ ಎದ್ದು ಹೊರಗೋಡಿ ಶ್ರೀಕಾಂತ್‌ಗೆ ಫೋನ್ ಮಾಡಿದೆ.

"ಸಾರ್, ನನ್ನ ಮಗಳ ಹಿಂದೆ ಯಾರೋ ಬಿದ್ದಿದಾನೆ! ಸೇತುವೆ ಹತ್ರ ಇದಾಳೆ, ದಯವಿಟ್ಟು ಬೇಗ ಹೋಗಿ!"

"ಹೌದಾ ಸಾರ್? ನಾನು ಬೆಳಿಗ್ಗೆಯಿಂದ ಅವಳ ಹಿಂದೇನೇ ಇದೀನಲ್ಲ. ನನ್ನ ಬಿಟ್ರೆ ಇನ್ಯಾರೂ ಕಾಣ್ತಿಲ್ಲವಲ್ಲ!"

ನಾನು ಮೆಲ್ಲಗೆ, "ನಿಮ್ಮ ಜಾಕೆಟ್ ಯಾವ ಬಣ್ಣ ಸಾರ್?" ಎಂದು ಕೇಳಿದೆ.

ಪಾಪ, ಆತ ಆಫೀಸಿಗೆ ರಜೆ ಹಾಕಿ ಬಂದಿದ್ದರು. ಎಮಿಲಿ ಆಗಲೇ ಪೊಲೀಸರನ್ನು ಕರೆಯಲು ಹೊರಟಿದ್ದಳಂತೆ. ನಾನು ಮಗಳಿಗೆ ಫೋನ್ ಮಾಡಿ, ಅಮ್ಮಾ, ಅವರು ಕಳ್ಳರಲ್ಲ, ನಮ್ಮವರು ಎಂದೆ. ಅವಳು ಫೋನ್ ಕಟ್ ಮಾಡಿದಳು. ಸಂಜೆ ಶೈಲಾ, "ನೋಡ್ರಿ ಅಂದಿದ್ದೆ ನಾನು. ಬೆನ್ನ ಹಚ್ಚ್ರಿ ಅಂತ ಹೇಳಿದ್ದೆನೇನು?" ಎಂದು ಕೈ ತೊಳೆದುಕೊಂಡಳು.

ಮುಂದಿನದು ನನಗೆ ಶ್ರೀಕಾಂತ್ ಹೇಳಿದ್ದು. ಆತ ಹುಡುಗಿಯರ ಎದುರು ಹೋಗಿ ಕ್ಷಮೆ ಕೇಳಿ, ಚೀಲದಿಂದ ಪುಳಿಯೋಗರೆ ಡಬ್ಬಿ ತೆಗೆದರಂತೆ. ಎಮಿಲಿ ನಕ್ಕು ನಕ್ಕು ಸೇತುವೆಯ ಮೇಲೆಯೇ ಕುಳಿತುಬಿಟ್ಟಳಂತೆ. ಮರುದಿನ ಆತ ಜನ ಸೇರುವ ಮೊದಲೇ ಎದ್ದು ಬಂದು ಹುಡುಗಿಯರಿಗೆ ಆ ಖಾಲಿ ಸೇತುವೆಯನ್ನು ತೋರಿಸಿದರಂತೆ. ಇಂಚರ ಒಂದು ಕಂಬದ ಕೆಳಗೆ ಕೂತು ಚಿತ್ರ ಬರೆದಳಂತೆ. ಯುಗಾದಿ ಹತ್ತಿರವಿದ್ದುದರಿಂದ ಮನೆಗೆ ಕರೆದು ಹೋಳಿಗೆ ಬಡಿಸಿದರಂತೆ, ಗ್ರೇಸ್ ತುಪ್ಪ ಕೇಳಿ ಹಾಕಿಸಿಕೊಂಡಳಂತೆ. ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ಮಗಳ ಪ್ರವಾಸ ಕೆಡಲಿಲ್ಲ, ಎಲ್ಲ ಸರಿಹೋಯಿತು ಎಂದುಕೊಂಡೆ.

ಇಂಚರ ವಾಪಸಾದಳು. ಬೈಯಲಿಲ್ಲ, ಮುನಿಸಿಕೊಳ್ಳಲೂ ಇಲ್ಲ. ಹೇಗಿತ್ತು ಎಂದರೆ "ಗುಡ್" ಎಂದಳು. ಓದು ಹೇಗೆ ನಡೀತಿದೆ ಎಂದರೆ "ಫೈನ್". ನಾನು ಮಾತು ತಪ್ಪಿದೆ, ಅವಳು ತಪ್ಪಲಿಲ್ಲ. ಶ್ರೀಕಾಂತ್ ಅಂಕಲ್‌ಗೆ ಮಾತ್ರ ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ. ಅವಳಿಗೆ ಹ್ಯೂಸ್ಟನ್‌ನಲ್ಲಿ ಇಂಟರ್ನ್‌ಶಿಪ್ ಸಿಕ್ಕಿದ್ದನ್ನು, ಕೂದಲು ಕತ್ತರಿಸಿಕೊಂಡದ್ದನ್ನು, ಹೋದ ವಾರ ಜ್ವರ ಬಂದು ಹೋದದ್ದನ್ನು ನನಗೆ ತಿಳಿಸಿದವರು ಅವರೇ. ಹೀಗಾಗಿ ಮನೆಯಿಂದ ಅರ್ಧ ಗಂಟೆ ದೂರದಲ್ಲಿರುವ ಮಗಳ ಯೋಗಕ್ಷೇಮ ತಿಳಿಯಬೇಕಾದರೆ ನಾನೀಗ ಪ್ರಾಗ್‌ಗೆ ಫೋನ್ ಮಾಡಬೇಕು.