ಯಜಮಾನರಿಗೊಂದು ಸ್ಕೆಚ್

ನನ್ನ ಗಂಡ ಪುಕ್ಕಲ. ನಲವತ್ತೊಂದು ವರ್ಷ ಹತ್ತಿರದಿಂದ ವಿಚಾರಣೆ ನಡೆಸಿ ಕೊಟ್ಟ ತೀರ್ಪು ಇದು; ಮೇಲ್ಮನವಿಗೆ ಅವಕಾಶವಿಲ್ಲ. ಬಿಗಿಯಾದ ಚಪ್ಪಲಿಯನ್ನು ಅಂಗಡಿಗೆ ಹಿಂದಿರುಗಿಸಲು ಹೆದರಿ ಎರಡು ವರ್ಷ ಕುಂಟಿದವರು ಇವರು. ಕ್ಷೌರಿಕ ಕೈತಪ್ಪಿ ಅರ್ಧ ಮೀಸೆ ಬೋಳಿಸಿದಾಗ ಥ್ಯಾಂಕ್ಸ್ ಹೇಳಿ ಎದ್ದು ಬಂದವರೂ ಇವರೇ.

ಇಂಥವರ ಆರಾಧ್ಯದೈವ ಯಾರು ಗೊತ್ತೇ? ಸಿಡಿಲಣ್ಣ! ಒಂದೇ ಗುದ್ದಿಗೆ ರೈಲು ನಿಲ್ಲಿಸುವ ಕಾಮಿಕ್ಸ್ ವೀರ. ಅವನನ್ನು ಸೃಷ್ಟಿಸಿದ ಹಿರಿಯ ಕಲಾವಿದರು ಕಾಮಿಕ್ಸ್ ಮೇಳಕ್ಕೆ ಬರುತ್ತಾರೆ, ಹನ್ನೆರಡೇ ಜನರಿಗೆ ಚಿತ್ರ ಬರೆದುಕೊಟ್ಟು ಅಂದಿಗೇ ಪೆನ್ನು ಕೆಳಗಿಡುತ್ತಾರೆ ಎಂದು ಸುದ್ದಿ ಬಂತು. ಇವರಿಗೆ ಹನ್ನೆರಡನೆಯ ಟೋಕನ್ ಸಿಕ್ಕಿತು. ಮೇಳದ ಹಿಂದಿನ ದಿನಕ್ಕೇ ಕಣ್ಣಿನ ಪೊರೆಯ ಆಪರೇಷನ್ ತಾರೀಖೂ ಸಿಕ್ಕಿತು. ತಾರೀಖು ಬದಲಿಸಿ ಎಂದು ಡಾಕ್ಟರನ್ನು ಕೇಳುವ ಧೈರ್ಯ ಇವರಿಗೆಲ್ಲಿಂದ ಬರಬೇಕು?

ಮೇಳದ ದಿನ ಮಧ್ಯಾಹ್ನ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತು ನಿಟ್ಟುಸಿರು ಬಿಡುತ್ತಿದ್ದರು.

"ನೀನು ಹೋಗ್ತೀಯಾ?"

"ಇಷ್ಟಕ್ಕೆ ಅಳುಮುಂಜಿ ಮುಖ ಯಾಕ್ರೀ? ಒಂದು ಗೊಂಬೆ ಬರೆಸೋದು ನನಗೆ ಕಷ್ಟವಾ?"

"ಗೊಂಬೆ ಅಲ್ಲ ಕಣೇ, ಸ್ಕೆಚ್! ತಲೆ ಮಾತ್ರ ಸಾಕು. ಫುಲ್ ಬಾಡಿ ಕೇಳಬೇಡ, ಬೇಜಾರು ಮಾಡ್ಕೋತಾರೆ. ನಾಲ್ಕು ಗಂಟೆಗೆ ಎದ್ದುಬಿಡ್ತಾರಂತೆ."

"ಮೂರಕ್ಕೆ ಮುಗಿಸಿ ಮೂರೂವರೆಗೆ ನಿಮ್ಮ ಕೈಗಿಡ್ತೀನಿ!"

ಬರೀ ಜಂಬವಲ್ಲ. ನಾನು ಭಾಷಾಶಾಸ್ತ್ರದ ನಿವೃತ್ತ ಪ್ರಾಧ್ಯಾಪಕಿ. ಚತುರ್ಥಿ ವಿಭಕ್ತಿಯ ಮೇಲೆ ನಾನೂರು ಪುಟ ಬರೆದು ಡಾಕ್ಟರೇಟ್ ಪಡೆದವಳು. 'ಗೆ', 'ಕೆ' ಎಂಬ ಪ್ರತ್ಯಯಗಳು ನನ್ನನ್ನು ಕಂಡರೆ ಎದ್ದು ನಿಲ್ಲುತ್ತವೆ. ಹೇಳಬೇಕಾದ್ದನ್ನು ಸ್ಪಷ್ಟವಾಗಿ ಹೇಳಬಲ್ಲವಳಿಗೆ ಜಗತ್ತಿನಲ್ಲಿ ಯಾವ ಕೆಲಸ ಕಷ್ಟ?

ಮೇಳದ ಬಾಗಿಲಲ್ಲೇ ಕಂಗಾಲಾದೆ. ಕಾಮಿಕ್ಸ್ ಪಾತ್ರಗಳ ವೇಷ ಹಾಕಿದ ರೆಕ್ಕೆಯವರು, ಬಾಲದವರು, ಮೈಗೆಲ್ಲ ಹಸಿರು ಬಳಿದುಕೊಂಡವರು! ಆರು ತೋಳಿನವನೊಬ್ಬ ಅಡ್ಡ ಬಂದು, "ಅಜ್ಜಿ, ಸೂಪರ್! ನಿಮ್ಮದು ಯಾವ ಕ್ಯಾರೆಕ್ಟರ್?" ಎಂದ. ನಾನು ಉಟ್ಟಿದ್ದು ನನ್ನ ದಿನನಿತ್ಯದ ಬಟ್ಟೆ.

"ನನ್ನ ಕ್ಯಾರೆಕ್ಟರ್ ಒಳ್ಳೆಯದೇ ಇದೆ. ನಿನ್ನದು ನೋಡ್ಕೋ!" ಎಂದು ಮುಂದೆ ನಡೆದೆ.

ಸಾಲು ಸಾಲು ಮೇಜುಗಳು. ಪ್ರತಿ ಮೇಜಿನ ಮೇಲೂ 'ಕಮಿಷನ್ ತೆಗೆದುಕೊಳ್ಳಲಾಗುವುದು' ಎಂದು ಬೋರ್ಡು! ಮೇಜಿನ ಕೆಳಗೆ ನಡೆಯುವುದನ್ನು ಕೇಳಿ ಬಲ್ಲೆ. ಮೇಜಿನ ಮೇಲೆ ಬೋರ್ಡು ನಿಲ್ಲಿಸಿ ನಡೆಸುವುದನ್ನು ಕಂಡದ್ದು ಇದೇ ಮೊದಲು. ಒಬ್ಬಳನ್ನು ತರಾಟೆಗೆ ತೆಗೆದುಕೊಂಡೆ. ಪಾಪ, ಕೇಳಿದ ಚಿತ್ರ ಬರೆದುಕೊಡುವುದಕ್ಕೇ ಇಲ್ಲಿ ಕಮಿಷನ್ ಎನ್ನುತ್ತಾರೆಂದು ಅವಳು ಬಿಡಿಸಿ ಹೇಳುವಷ್ಟರಲ್ಲಿ ಮೂರೂಕಾಲು! ಸಿಡಿಲಣ್ಣನ ಮೇಜು ಮಾತ್ರ ಎಲ್ಲೂ ಕಾಣದು. ವಿಚಾರಣೆಯ ಕೌಂಟರಿಗೆ ಹೋಗಿ, ಗದ್ದಲದಲ್ಲೂ ಕೇಳಿಸಲೆಂದು ತರಗತಿಯ ಧ್ವನಿಯಲ್ಲಿ ಹೇಳಿದೆ:

"ನೋಡಮ್ಮಾ, ನಮ್ಮ ಯಜಮಾನರಿಗೆ ಸ್ಕೆಚ್ ಹಾಕಿಸಬೇಕು."

ಹುಡುಗಿಯ ಕೈಯಿಂದ ಪೆನ್ನು ಬಿತ್ತು. "ಏನಂದ್ರಿ?"

"ಸ್ಕೆಚ್! ಅದಕ್ಕೆ ಒಬ್ಬರು ಹಳೇ ಕೈ ಇಲ್ಲಿಗೆ ಬಂದಿದ್ದಾರಂತಲ್ಲ, ಎಲ್ಲಿ ಕೂತಿದ್ದಾರೆ? ನಾಲ್ಕರೊಳಗೆ ಮುಗೀಬೇಕು. ತಲೆ ಮಾತ್ರ ಸಾಕು."

"ಯಜಮಾನರು... ಈಗ ಎಲ್ಲಿದ್ದಾರೆ?"

"ಮನೇಲಿ. ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿ ಬಂದಿದ್ದೀನಿ. ಎಲ್ಲೂ ಹೋಗಲ್ಲ."

ಹುಡುಗಿ ಮೇಜಿನ ಕೆಳಗಿನ ಗುಂಡಿ ಒತ್ತಿದಳು. ನೀಲಿ ಸಮವಸ್ತ್ರದವನೊಬ್ಬ ಓಡಿ ಬಂದು ನನ್ನ ಎದುರು ನಿಂತ. ದಪ್ಪ ಮೀಸೆ, ಟೋಪಿ, ಎದೆಯ ಮೇಲೆ ಬಿಲ್ಲೆ.

"ವೇಷ ಚೆನ್ನಾಗಿದೆ. ಯಾರಪ್ಪಾ ನೀನು?"

"ಸೆಕ್ಯೂರಿಟಿ ಮೇಡಂ."

"ಅದು ಕಾಣಿಸ್ತಿದೆ. ಯಾವ ಕಥೇಲಿ?"

ಅವನು ಕಥೆ ಹೇಳಲಿಲ್ಲ, ಕೋಣೆಯೊಳಗೆ ಕೂರಿಸಿದ. ಮೂರೂವರೆ! ಯಜಮಾನರ ನಂಬರು ಕೇಳಿದ, ಕೊಟ್ಟೆ. ನನಗೂ ಕೇಳಿಸುವಂತೆ ಸ್ಪೀಕರ್ ಒತ್ತಿದ.

"ಹಲೋ, ಮೇಳದ ಸೆಕ್ಯೂರಿಟಿ ಮಾತಾಡ್ತಿರೋದು. ನಿಮ್ಮ ಮನೆಯವರು ನಿಮಗೆ ಸ್ಕೆಚ್ ಹಾಕ್ಸೋಕೆ ಬಂದಿದ್ದಾರೆ. ನಿಮಗೆ ಗೊತ್ತಾ?"

"ಗೊತ್ತು ಸಾರ್. ನಾನೇ ಕಳಿಸಿದ್ದು ಸಾರ್. ತಪ್ಪಾಯ್ತಾ ಸಾರ್?"

"ನೀವೇ ಕಳಿಸಿದ್ರಾ! ಯಾಕೆ ಸಾರ್?"

"ನಲವತ್ತು ವರ್ಷದ ಆಸೆ ಸಾರ್."

ಗಾರ್ಡ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಲವತ್ತು ವರ್ಷ ನನ್ನ ಜೊತೆ ಬಾಳಿದವರ ಸಂಕಟ ಅವನಿಗೆ ಅರ್ಥವಾದಂತಿತ್ತು.

"ಧೈರ್ಯ ತಗೊಳ್ಳಿ ಸಾರ್. ಎಲ್ಲಾ ಸರಿಹೋಗುತ್ತೆ," ಎಂದು ಟೋಪಿ ತೆಗೆದ.

"ಸರಿ ಸಾರ್. ಫುಲ್ ಬಾಡಿ ಬೇಡ ಅಂತ ಅವಳಿಗೆ ಇನ್ನೊಂದ್ಸಲ ಹೇಳಿಬಿಡಿ ಸಾರ್."

ನಾನು ಎದ್ದು ಮೇಜು ಗುದ್ದಿದೆ. "ಏನಯ್ಯಾ ಇದು? ಸ್ಕೆಚ್ ಹಾಕೋದು ಅಂದ್ರೆ ಏನು ಅಂತ ತಿಳ್ಕೊಂಡಿದ್ದೀಯ?"

"ಮುಗಿಸೋಕೆ ಸಂಚು ಮಾಡೋದು ಮೇಡಂ!"

"ಯಾರನ್ನ?"

"ಯಾರಿ'ಗೆ' ಹಾಕ್ತೀವೋ ಅವರನ್ನ!"

ಕುಸಿದು ಕೂತೆ. ನಾನು ಸಾಕಿ ಸಲಹಿದ ಚತುರ್ಥಿ ನನ್ನನ್ನೇ ಕಚ್ಚಿತ್ತು! ಆ ನಾನೂರು ಪುಟಗಳಲ್ಲಿ ಗಂಡನನ್ನು ಮುಗಿಸುವ 'ಗೆ' ಒಂದು ಕಡೆಯೂ ಇಲ್ಲ. ಕೈಚೀಲದಿಂದ ಟೋಕನ್ ತೆಗೆದು ಅವನ ಮುಂದೆ ಹಿಡಿದೆ. 'ಸಿಡಿಲಣ್ಣ ಸ್ಕೆಚ್, ನಂ. 12' ಎಂದು ಓದಿದವನೇ ಹಣೆ ಚಚ್ಚಿಕೊಂಡ. "ಅಯ್ಯೋ, ಚಿತ್ರನಾ! ಬನ್ನಿ ಮೇಡಂ, ಬೇಗ ಬನ್ನಿ!"

ಅವನು ದಾರಿ ಬಿಡಿಸುತ್ತ ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ರೆಕ್ಕೆ ಬಾಲಗಳೆಲ್ಲ ದಿಕ್ಕಾಪಾಲು! ಮೂಲೆಯ ಮೇಜಿನಲ್ಲಿ ಹಿರಿಯ ಕಲಾವಿದರು ಪೆನ್ನುಗಳನ್ನು ಡಬ್ಬಿಗೆ ಸೇರಿಸುತ್ತಿದ್ದರು.

"ಗಂಡನಿಗೆ ಸ್ಕೆಚ್ ಹಾಕ್ಸೋಕೆ ಬಂದವರು ನೀವೇನಾ?" ಸುದ್ದಿ ನನಗಿಂತ ಮೊದಲೇ ಓಡಿ ಬಂದಿತ್ತು. "ಮುಗೀತಮ್ಮ. ಡಬ್ಬಿ ಮುಚ್ಚಿದೆ."

"ಗಡಿಯಾರ ನೋಡಿ. ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷ ಇದೆ. ತೆಗೀರಿ ಡಬ್ಬಿ!"

ತೆಗೆದರು. "ಯಜಮಾನರು ಯಾಕೆ ಬರಲಿಲ್ಲ?"

"ಡಾಕ್ಟರಿಗೆ ಹೆದರಿ."

"ನಿಮಗೂ ಹೆದರ್ತಾರಾ?"

"ಅದು ಈ ಪರೀಕ್ಷೆಯ ಪ್ರಶ್ನೆ ಅಲ್ಲ. ತಲೆ ಮಾತ್ರ ಬರೀರಿ."

"ಸುಮ್ಮನೆ ಕೂತ್ಕೊಳ್ಳಮ್ಮಾ," ಎಂದರು. ನಾಲ್ಕು ನಿಮಿಷ ನಲವತ್ತಾಯಿತು. ಹಾಳೆಯನ್ನು ಮಡಿಸದೆ ಲಕೋಟೆಗೆ ಹಾಕಿ, ಅಂಟಿಸಿ ಕೈಗಿತ್ತರು.

ಮನೆಗೆ ಬಂದು ಬಿಚ್ಚಿದರೆ, ತಲೆಯಲ್ಲ, ಫುಲ್ ಬಾಡಿ! ಅದೂ ಎರಡು! ಮುಂದೆ ತುರುಬು, ಕನ್ನಡಕ, ಎತ್ತಿ ಹಿಡಿದ ಕೈಚೀಲದ ಮುದುಕಿ, ಸಾಕ್ಷಾತ್ ನಾನೇ. ಅವಳ ಬೆನ್ನ ಹಿಂದೆ ಗಡಗಡ ನಡುಗುತ್ತ ಬಗ್ಗಿ ಕೂತ ಮಹಾವೀರ ಸಿಡಿಲಣ್ಣ! ಇವರು ಒಂಟಿ ಕಣ್ಣಿಗೆ ಹಾಳೆ ತಗುಲುವಷ್ಟು ಹತ್ತಿರ ಹಿಡಿದು ನೋಡಿದರು. ನಕ್ಕರು. ಮತ್ತೆ ನೋಡಿ ಮತ್ತೆ ನಕ್ಕರು.

"ಕಪಾಟಿನ ತಳಕ್ಕೆ ಹಾಕಿ. ಒಂದು ನರಪಿಳ್ಳೆಗೂ ತೋರಿಸಕೂಡದು," ಎಂದು ಅಪ್ಪಣೆ ಕೊಟ್ಟು ಕೈಕಾಲು ತೊಳೆಯಲು ಹೋದೆ.

ಮರುದಿನ ಬೆಳಿಗ್ಗೆ ಹಜಾರದಲ್ಲಿ ಢಣ್ ಢಣ್ ಸದ್ದು. ಹೋಗಿ ನೋಡಿದರೆ ಕಣ್ಣಿನ ಪಟ್ಟಿಯ ಸಮೇತ ನಿಂತು ಇವರು ಗೋಡೆಗೆ ಮೊಳೆ ಹೊಡೆಯುತ್ತಿದ್ದಾರೆ. ಎಲ್ಲಿ? ಮುಂಬಾಗಿಲಿಗೆ ನೇರ ಎದುರು! ಪಕ್ಕದಲ್ಲಿ ಚಿತ್ರ, ಆಗಲೇ ಯಾವುದೋ ಹಳೇ ಚೌಕಟ್ಟಿನೊಳಗೆ.

"ಏನ್ರೀ ಇದು? ನಾನು ಹೇಳಿದ್ದೇನು?"

"ಕೇಳಿಸ್ಕೊಂಡೆ."

"ಮತ್ತೆ? ತೆಗೆದು ಒಳಗಿಡಿ!"

"ತೆಗೆಯಲ್ಲ."

ನನ್ನ ಕಿವಿಯೇ ಕೆಟ್ಟಿತೆಂದುಕೊಂಡೆ. "ಬಂದವರೆಲ್ಲ ನೋಡಿ ನಗ್ತಾರೆ ಕಣ್ರೀ!"

"ನಗಲಿ ಬಿಡು." ಇನ್ನೊಂದು ಏಟು ಹಾಕಿದರು. ಮೊಳೆಗೆ ಬೀಳಬೇಕಾದ ಏಟು ಹೆಬ್ಬೆರಳಿಗೆ ಬಿತ್ತು. ಬೆರಳು ಬಾಯಿಗಿಟ್ಟುಕೊಂಡು ಚೀಪಿದರು. ಆಮೇಲೆ ಸುತ್ತಿಗೆಯನ್ನು ಮತ್ತೆ ಎತ್ತಿ, ನನ್ನ ಕಡೆ ತಿರುಗಿಯೂ ನೋಡದೆ ಹೇಳಿದರು:

"ಸ್ವಲ್ಪ ಆ ಕಡೆ ಸರಿ. ಬೆಳಕಿಗೆ ಅಡ್ಡ ನಿಂತಿದ್ದೀಯ."

ಸರಿದೆ.