ದಿಲಶಾದಳ ಶಾಂಪೂವಿಗೆ ನನ್ನ ಸರ್ಟಿಫಿಕೇಟು

ನನಗೊಂದು ಕೆಟ್ಟ ಚಟವಿದೆ, ಮೊದಲೇ ಹೇಳಿಬಿಡುತ್ತೇನೆ. ಯಾರಾದರೂ ಒಂದು ವಸ್ತುವನ್ನು ಮುಂದೆ ಹಿಡಿದು ‘ಇದು ಪೂರಾ ನ್ಯಾಚುರಲ್ ಐತ್ರಿ’ ಎಂದರೆ ಸಾಕು, ನಾನು ಜಗಳಕ್ಕೆ ನಿಂತೆನೆಂದೇ ಲೆಕ್ಕ. ಚೇಳು ನ್ಯಾಚುರಲ್ ಅಲ್ಲವೇ? ಎಕ್ಕೆಯ ಹಾಲು ಯಾವ ಫ್ಯಾಕ್ಟರಿಯಲ್ಲಿ ತಯಾರಾಗುತ್ತದೆ? ನಮ್ಮ ಕಡೆಯ ಬೇಸಿಗೆಯ ಬಿಸಿಲಿಗಿಂತ ನೈಸರ್ಗಿಕವಾದದ್ದು ಇನ್ನೇನಿದೆ, ಅದನ್ನು ಯಾರಾದರೂ ಆಸೆಪಟ್ಟು ತಲೆಗೆ ಹಚ್ಚಿಕೊಂಡಾರೆಯೇ? ಹಾಗೆಂದು ಫ್ಯಾಕ್ಟರಿಯ ಮಾಲಿನ ಮೇಲೂ ನನಗೆ ಭಕ್ತಿಯಿಲ್ಲ. ಟೀವಿಯಲ್ಲಿ ಹುಡುಗಿಯೊಬ್ಬಳು ಕತ್ತು ತಿರುಗಿಸಿದ ಕೂಡಲೇ ಅವಳ ಕೂದಲು ರೇಷ್ಮೆಯ ಥಾನಿನಂತೆ ಬಿಚ್ಚಿಕೊಳ್ಳುವುದನ್ನು ಕಂಡರೆ, ‘ಏ, ಸುಮ್ಮನ ಕೂಡ ಬೇ’ ಎಂದು ಟೀವಿಯನ್ನೇ ಗದರಿಸುತ್ತೇನೆ. ಇಪ್ಪತ್ತೆರಡು ವರ್ಷ ಬಬಲೇಶ್ವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ್ದರ ಫಲ ಇದು. ‘ಪ್ರಯೋಗ ಮಾಡಿ ನೋಡದೆ ಏನನ್ನೂ ನಂಬಬೇಡಿ’ ಎಂದು ಮಕ್ಕಳಿಗೆ ಹೇಳಿ ಹೇಳಿ, ಕೊನೆಗೆ ಆ ಮಾತನ್ನು ನಂಬಿದವಳು ನಾನೊಬ್ಬಳೇ ಎಂದು ಕಾಣುತ್ತದೆ.

ಇಷ್ಟೆಲ್ಲ ಮಾತಾಡುವ ನನ್ನ ತಲೆಯ ಸ್ಥಿತಿಯನ್ನೂ ಹೇಳಬೇಕಲ್ಲ. ಮದುವೆಯಲ್ಲಿ ನನ್ನ ಜಡೆ ಸೊಂಟ ದಾಟಿತ್ತು. ಫೋಟೋ ನೋಡಿದವರು ಚೌರಿ ಹಾಕಿದ್ದರೇನು ಎಂದು ಕೇಳುತ್ತಿದ್ದರು, ನಾನು ಸಿಟ್ಟು ಬಂದಂತೆ ನಟಿಸಿ ಒಳಗೊಳಗೇ ಹಿಗ್ಗುತ್ತಿದ್ದೆ. ಈಗ ಅದು ಇಲಿಯ ಬಾಲ. ರಬ್ಬರ್ ಬ್ಯಾಂಡು ಮೊದಲು ಎರಡು ಸುತ್ತು ಬರುತ್ತಿತ್ತು, ಈಗ ಆರು ಸುತ್ತಿದರೂ ಜಾರುತ್ತದೆ. ಬೈತಲೆಯಂತೂ ವರ್ಷ ವರ್ಷಕ್ಕೆ ಅಗಲವಾಗುತ್ತಿದೆ. ವಿಜಯಪುರದ ಸ್ಟೇಷನ್ ರಸ್ತೆಯ ಅಂಗಡಿಗಳಿಂದ ಉಳ್ಳಾಗಡ್ಡಿಯದು, ಲೋಳೆಸರದ್ದು, ಹಾಲಿನದು ಎಂದು ಎಷ್ಟು ಬಾಟಲಿ ತಂದೆನೋ ಲೆಕ್ಕವಿಲ್ಲ. ನಮ್ಮ ಯಜಮಾನರು ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಮಾತು ಕಡಿಮೆ. ಆದರೆ ಆಡಿದ ಮಾತು ಮೂರು ದಿನ ಚುಚ್ಚುತ್ತದೆ. ‘ಬಾಟ್ಲಿ ಹೆಚ್ಚಾದಂಗ ಕೂದಲ ಕಮ್ಮಿ ಆಗಾಕತ್ತಾವು. ನಾಲ್ಕ ದಿನ ಬಾಟ್ಲಿ ಬಿಟ್ಟ ನೋಡ’ ಎಂದರು ಒಮ್ಮೆ.

ಹೀಗಿರುವಾಗ ನಡುವೆ ಬಂದವಳು ದಿಲಶಾದ. ಬಬಲೇಶ್ವರದ ಬಸ್‌ಸ್ಟ್ಯಾಂಡಿನ ಎದುರಿಗೆ ಅವಳದೊಂದು ಬಳೆ ಅಂಗಡಿ. ಸಂಜೆ ಮನೆಗೆ ಮರಳಲು ವಿಜಯಪುರದ ಬಸ್ಸು ಬರುವವರೆಗೆ ಹತ್ತು ವರ್ಷದಿಂದ ನಾನು ಕೂಡುವುದು ಅವಳ ಅಂಗಡಿಯ ಸ್ಟೂಲಿನ ಮೇಲೆ, ಕುಡಿಯುವುದು ಅವಳು ತರಿಸುವ ಚಹಾ. ಅವಳ ಮನೆ ಟಿಕೋಟಾದಲ್ಲಿ, ಅಲ್ಲಿಂದ ದಿನಾ ಓಡಾಡುತ್ತಾಳೆ. ಈ ವರ್ಷ ಅವಳ ಮುಖ ಸಪ್ಪಗಾಗಿತ್ತು. ಅಂಗಡಿಗೆ ಗಿರಾಕಿಯೇ ಇಲ್ಲ. ಒಂದು ದಿನ ಚಹಾದ ಜೊತೆ ಕಂದು ಬಣ್ಣದ ನೀರು ತುಂಬಿದ ಬಾಟಲಿಯನ್ನೂ ನನ್ನ ಮುಂದಿಟ್ಟಳು.

‘ಈಗಿನ ಹುಡುಗ್ಯಾರು ಬಳಿ ಇಡಿಸ್ಕೊಳ್ಳೂದ ಬಿಟ್ಟಾರ್ರಿ ಅಕ್ಕೋರ. ತಲಿ ತೊಳಕೊಳ್ಳೂದನ್ನ ಇನ್ನೂ ಬಿಟ್ಟಿಲ್ಲಲ್ರಿ. ಅದಕ್ಕ ನಾನೂ ನಮ್ಮ ತಂಗಿ ಕೂಡಿ ಇದನ್ನ ಮಾಡಾಕತ್ತೇವಿ. ಅಂಟವಾಳ, ಸೀಗಿಕಾಯಿ, ಮೆಂತೆ, ದಾಸಾಳದ ಎಲಿ. ಪೂರಾ ನ್ಯಾಚುರಲ್ ಐತ್ರಿ.’

ಹೇಳಿದಳಲ್ಲ ಆ ಮಾತು! ನನ್ನ ಮೈಮೇಲೆ ಬಂತು. ಮೇಲಿಂದ, ಬಾಟಲಿಗೆ ಅಂಟಿಸಲೆಂದು ಬರೆಸಿಟ್ಟುಕೊಂಡಿದ್ದ ಚೀಟಿಯನ್ನೂ ತೋರಿಸಿದಳು. ‘ಹದಿನೈದು ದಿನದಲ್ಲಿ ಕೂದಲು ಉದುರುವುದು ಬಂದ್. ಸೈನ್ಸ್ ಅಕ್ಕೋರು ಸ್ವತಃ ಪರೀಕ್ಷೆ ಮಾಡಿದ್ದು.’

‘ನಾ ಯಾವಾಗ ಪರೀಕ್ಷೆ ಮಾಡೇನಿ ಬೇ?’ ಎಂದೆ.

‘ಇನ್ನ ಮಾಡ್ತೀರಲ್ರಿ, ಅದಕ್ಕ ಬಾಟ್ಲಿ ಕೊಡಾಕತ್ತೇನಿ. ನೀವ ಒಂದ ಮಾತ ಚಲೋ ಐತಿ ಅಂದ್ರಂದ್ರ ಈ ಊರಾಗ ಯಾರೂ ಎದುರಾಡೂದಿಲ್ಲ. ನನ್ನ ಅಂಗಡಿ ಉಳೀತೈತ್ರಿ.’

ಅವಳ ಅಂಗಡಿ ನನ್ನ ಒಂದು ಮಾತಿನ ಮೇಲೆ ನಿಂತಿದೆ ಎಂದು ತಿಳಿದಾಗ ಹೆದರಿಕೆಯಾಯಿತು. ಆದರೆ ಹಟವೂ ಬಂತು. ನ್ಯಾಯವಾಗಿ ಪರೀಕ್ಷೆ ಮಾಡುತ್ತೇನೆ, ಬಂದದ್ದನ್ನು ಬಂದಂತೆ ಹೇಳುತ್ತೇನೆ, ಗೆಳತಿಯ ಮುಖ ನೋಡುವುದಿಲ್ಲ ಎಂದು ಬಸ್ಸಿನಲ್ಲಿ ಕೂತು ನಿಶ್ಚಯಿಸಿದೆ. ಹೊಸ ನೋಟ್‌ಬುಕ್ಕು ತಂದು ನಿಯಮ ಬರೆದೆ. ಒಂದೇ ತಲೆ, ಒಂದೇ ಬಾಚಣಿಗೆ, ರವಿವಾರ ಬೆಳಿಗ್ಗೆ ಒಂದೇ ಹೊತ್ತು. ಮೊದಲ ನಾಲ್ಕು ವಾರ ಅಂಗಡಿಯ ಶಾಂಪೂ ಮತ್ತು ಕಂಡೀಷನರು, ಮುಂದಿನ ನಾಲ್ಕು ವಾರ ದಿಲಶಾದಳದ್ದು. ಬಚ್ಚಲಲ್ಲಿ ಬಿದ್ದದ್ದನ್ನೂ ಬಾಚಣಿಗೆಯಲ್ಲಿ ಸಿಕ್ಕಿದ್ದನ್ನೂ ಬಿಳಿ ಹಾಳೆಯ ಮೇಲೆ ಹರಡಿ ಎಣಿಸುವುದು. ಮೊದಲ ರವಿವಾರವೇ ಯಜಮಾನರು ಬಾಗಿಲಲ್ಲಿ ನಿಂತು, ‘ಏನ ಹುಡಕಾಕತ್ತೀ?’ ಎಂದರು.

‘ಉದುರಿದ ಕೂದಲ ಎಣಸಾಕತ್ತೇನಿ.’

‘ತಲ್ಯಾಗ ಉಳದದ್ದನ್ನ ಎಣಸ, ಲಗೂ ಮುಗೀತೈತಿ.’

ವಿಜ್ಞಾನಿಗಳು ಇಂಥ ಮಾತನ್ನೆಲ್ಲ ಸಹಿಸಬೇಕಾಗುತ್ತದೆ. ಮೊದಲ ತಿಂಗಳು ಸುರಳೀತ ಮುಗಿಯಿತು. ಕೂದಲು ಮೆತ್ತಗಿತ್ತು, ಉದುರುವುದು ಎಂದಿನಂತೆಯೇ ಇತ್ತು. ಎರಡನೆಯ ತಿಂಗಳು ದಿಲಶಾದಳ ಸರದಿ, ವಾರಕ್ಕೊಂದು ತಾಜಾ ಬಾಟಲಿ ತಂದೆ. ಲಿಟ್ಮಸ್ ಕಾಗದ ಅದ್ದಿ ನೋಡಿದೆ, ತುಸು ಹುಳಿಯ ಗುಣ, ತಲೆಗೇನೂ ಬಾಧಕವಿಲ್ಲ. ಬಾಧಕವಾದದ್ದು ಕಣ್ಣಿಗೆ. ಅಂಟವಾಳದ ನೀರು ಒಂದು ಹನಿ ಒಳಗೆ ಹೋದದ್ದೇ ತಡ, ಬಚ್ಚಲಲ್ಲಿ ನಿಂತು ಸತ್ತ ಅಜ್ಜಿಯರನ್ನೆಲ್ಲ ನೆನೆಸಿದೆ. ಸೋಮವಾರವೂ ಕಣ್ಣು ಕೆಂಪಗೇ ಇದ್ದದ್ದರಿಂದ, ಅಕ್ಕೋರು ಗಂಡನ ಜೊತೆ ಜಗಳಾಡಿಕೊಂಡು ಬಂದಿದ್ದಾರೆಂದು ಇಡೀ ವರ್ಗ ಪಿಟ್ಟೆನ್ನದೆ ಕೂತಿತ್ತು. ಇನ್ನು ಶಾಂಪೂವಿನ ಜೊತೆ ಅವಳು ಕೊಡುವ ಕಂಡೀಷನರು ಎಂದರೆ ಅಗಸಿಬೀಜವನ್ನು ಕುದಿಸಿ ಸೋಸಿದ ಲೋಳೆ. ಹೊರಗಿಟ್ಟರೆ ಎರಡೇ ದಿನಕ್ಕೆ ವಾಸನೆ ಬರುತ್ತದೆಂದು ಫ್ರಿಜ್ಜಿನಲ್ಲಿಟ್ಟೆ. ಡಬ್ಬಿಯ ಮೇಲೆ ‘ತಲೆಗೆ, ರೊಟ್ಟಿಗಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದದ್ದು ನಮ್ಮ ಯಜಮಾನರಿಗಾಗಿ.

ಪರಿಣಾಮ ಮಾತ್ರ ಘೋರವಾಗಿತ್ತು. ಪ್ರತಿ ವಾರವೂ ಕೂದಲು ತೆಂಗಿನ ನಾರಿನಂತೆ ಎದ್ದು ನಿಲ್ಲುತ್ತಿತ್ತು. ಬಾಚಣಿಗೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಅಗಸಿಯ ಲೋಳೆ ಹಾಕಿದರೂ ಬಗ್ಗಲಿಲ್ಲ. ನಾಲ್ಕು ವಾರ ಕಳೆದ ಮೇಲೆ ನೋಟ್‌ಬುಕ್ಕು ಹಿಡಿದು ಅಂಗಡಿಗೆ ಹೋಗಿ, ಮನಸ್ಸು ಕಲ್ಲು ಮಾಡಿಕೊಂಡು ಹೇಳಿಯೇಬಿಟ್ಟೆ.

‘ದಿಲಶಾದ, ಇದು ಕೂದಲನ್ನ ನಾರು ಮಾಡತೈತಿ. ಮಾರಬ್ಯಾಡ.’

ಅವಳು ಜೋಡಿಸಿಟ್ಟಿದ್ದ ಬಳೆಗಳನ್ನೇ ತೆಗೆದು ಮತ್ತೆ ಜೋಡಿಸತೊಡಗಿದಳು. ಟಿಕೋಟಾದಲ್ಲಿ ಮೂಟೆಗಟ್ಟಲೆ ಅಂಟವಾಳ ಬಂದು ಬಿದ್ದಿದೆ, ತಂಗಿ ಕುದಿಸಲೆಂದೇ ಎರಡು ದೊಡ್ಡ ಪಾತೇಲಿ ತಂದಿದ್ದಾಳೆ ಎಂಬುದು ನನಗೆ ಗೊತ್ತಿತ್ತು. ಸ್ಟೂಲಿನ ಮೇಲೆ ಕೂರಲೂ ಸಂಕಟ, ಏಳಲೂ ಸಂಕಟ. ಆಮೇಲೆ ಅವಳು ತಲೆಯೆತ್ತಿ ಒಂದೇ ಪ್ರಶ್ನೆ ಕೇಳಿದಳು.

‘ತಲಿ ಯಾವ ನೀರಲೆ ತೊಳಕೊಂಡ್ರಿ?’

‘ಮೊದಲನೇ ತಿಂಗಳ ನಳದ ನೀರ ಚಲೋ ಬರತಿತ್ತು, ಅದರಲೆ. ಆಮ್ಯಾಲ ನಮ್ಮ ಓಣ್ಯಾಗ ಪೈಪ ಒಡೀತು. ನಳದ ನೀರ ಕುಡ್ಯಾಕಷ್ಟ ಇಟ್ಟೇವಿ. ಜಳಕಕ್ಕ ಬೋರಿನ...’

ಅಲ್ಲಿಗೆ ನೋಟ್‌ಬುಕ್ಕು ಮುಚ್ಚಿದೆ.

‘ಯಾ ಅಲ್ಲಾ! ಬೋರಿನ ಸವಳ ನೀರಾಗ ತೊಗರಿಬ್ಯಾಳಿ ಸೈತ ಬೇಯೂದಿಲ್ಲರಿ ಅಕ್ಕೋರ! ಅದರಾಗ ತಲಿ ತೊಳಕೊಂಡು ನನ್ನ ಶಾಂಪೂಗ ಬೈತೀರೇನ್ರಿ?’

ವಿಜಯಪುರದಲ್ಲಿ ಹುಟ್ಟಿದ ಯಾವ ಹೆಣ್ಣುಮಗಳಿಗೂ ಇದು ಹೇಳಿಕೊಡಬೇಕಾದ ವಿಷಯವಲ್ಲ. ನಳದ ನೀರು ಬಂದ ದಿನ ಬ್ಯಾರಲ್ಲು, ಬಿಂದಿಗೆ, ತಂಬಿಗೆಯನ್ನೂ ಬಿಡದೆ ತುಂಬಿಟ್ಟು, ಬೇಳೆಗೆ ಆ ನೀರು, ಬಳಕೆಗೆ ಬೋರಿನ ನೀರು ಎಂದು ದಿನಾ ವಿಂಗಡಿಸುವವಳು ನಾನೇ. ಪ್ರತಿ ವರ್ಷ ಗಡಸು ನೀರಿನ ಪಾಠ ಮಾಡುವವಳೂ ನಾನೇ. ಪ್ರಯೋಗದಲ್ಲಿ ಒಮ್ಮೆಗೆ ಒಂದನ್ನೇ ಬದಲಿಸಬೇಕು ಎಂದು ಹುಡುಗರ ಕಿವಿ ಹಿಂಡುವವಳೂ ನಾನೇ. ಬೇಳೆಗೆ ಕೊಟ್ಟ ಮರ್ಯಾದೆಯನ್ನು ನನ್ನ ತಲೆಗೆ ಕೊಡುವುದನ್ನು ಮರೆತಿದ್ದೆ. ನಾಚಿಕೆಯಿಂದ ನೋಟ್‌ಬುಕ್ಕನ್ನು ಚೀಲದೊಳಗೆ ತುರುಕಿದೆ.

ಸೋಲೊಪ್ಪುವವರ ಪೈಕಿ ನಾನಲ್ಲ. ಪ್ರಯೋಗ ಮತ್ತೆ ಶುರುವಾಯಿತು, ಈ ಸಲ ತಿರುವುಮುರುವಾಗಿ. ದಿಲಶಾದಳ ಶಾಂಪೂವಿಗೆ ನಳದ ನೀರು, ಅಂಗಡಿಯದಕ್ಕೆ ಬೋರಿನ ನೀರು. ಯಜಮಾನರು ಬ್ಯಾರಲ್ಲಿಗೆ ಕಾವಲು ಕೂತರು. ‘ಕುಡಿಯೂ ನೀರ ತಲಿಗಿ ಸುರಕೊಳ್ಳೂದಾದ್ರ ನಾಳೆ ನಿನ್ನ ಶಾಂಪೂನ ಕುಡೀಬೇಕಾಗತೈತಿ’ ಎಂದರು. ಆದರೂ ಎರಡು ಬಕೆಟ್ಟು ಕೊಟ್ಟರು. ಈಗ ದಿಲಶಾದಳ ಶಾಂಪೂವಿನಲ್ಲಿ ಕೂದಲು ಮೆತ್ತಗಾಯಿತು. ಅಂಗಡಿಯ ಬಾಟಲಿಯಲ್ಲಿ ನಾರಾಯಿತು. ಅಂದರೆ ತಪ್ಪು ಎರಡು ಶಾಂಪೂಗಳದ್ದೂ ಅಲ್ಲ, ನೀರಿನದು. ಕೊಳೆ, ಎಣ್ಣೆ ಎರಡರಿಂದಲೂ ಹೋಗುತ್ತದೆ. ಇವಳದಕ್ಕೆ ನೊರೆ ಕಡಿಮೆ, ಎರಡು ಸಲ ತೊಳೆಯಬೇಕು, ಚೆನ್ನಾಗಿ ಸೋಸದಿದ್ದರೆ ಸೀಗೆಯ ಚೂರು ಬೈತಲೆಯಲ್ಲಿ ಕೂರುತ್ತದೆ. ಅಗಸಿಯ ಲೋಳೆ ಮಾತ್ರ ಬಂಗಾರದಂಥದ್ದು, ಸಿಕ್ಕು ಬೆಣ್ಣೆಯಂತೆ ಬಿಡುತ್ತದೆ. ಇನ್ನು ಉದುರುವುದು? ನಾಲ್ಕು ತಿಂಗಳ ಎಣಿಕೆ ಹೆಚ್ಚೂಕಡಿಮೆ ಒಂದೇ. ಯಾವುದೂ ಒಂದು ಕೂದಲನ್ನೂ ಹಿಡಿದು ನಿಲ್ಲಿಸಿರಲಿಲ್ಲ.

‘ಚಲೋ ಐತಿ, ಮಾರು’ ಎಂದೆ ದಿಲಶಾದಳಿಗೆ. ಅವಳ ಮುಖ ಅರಳಿತು. ‘ಆದರ ಉದುರೂದು ಬಂದ್ ಅಂತ ಬರೀಬ್ಯಾಡ’ ಎಂದೆ. ಮುಖ ಮತ್ತೆ ಬಾಡಿತು.

‘ಹಂಗ ಬರೀದಿದ್ರ ಯಾರ ತಗೋತಾರ್ರಿ?’

‘ಅರಿವಿ ಒಗದ್ರ ಹೊಲಸು ಹೋಗತೈತಿ. ಹರಕ ಕೂಡತೈತೇನು?’

ಚೀಟಿ ನಾನೇ ಬರೆದುಕೊಟ್ಟೆ. ‘ಕೂದಲು ಸ್ವಚ್ಛವಾಗುತ್ತದೆ. ಉದುರುವುದು ನಿಲ್ಲುವುದಿಲ್ಲ. ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಸವಳು ನೀರು ಬೇಡ. ತಂಪಾದ ಜಾಗದಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ.’ ಅವಳು ಓದಿ, ‘ಇದು ಶಾಂಪೂ ಅನಸೂದಿಲ್ಲರಿ, ದವಾಖಾನಿ ಬೋರ್ಡ್ ಅನಸತೈತಿ’ ಎಂದು ಚೀಟಿಯನ್ನು ಗಲ್ಲಾಪೆಟ್ಟಿಗೆಯ ಕೆಳಗೆ ತುರುಕಿದಳು. ಆಮೇಲೆ ಒಂದು ವಾರ ಚಹಾ ಬರಲಿಲ್ಲ. ನಾನು ಬಸ್‌ಸ್ಟ್ಯಾಂಡಿನಲ್ಲೇ ನಿಂತು ಕಾಯುತ್ತಿದ್ದೆ. ಎದುರಿಗೆ ಅವಳ ಅಂಗಡಿ ಕಾಣುತ್ತಿತ್ತು, ಖಾಲಿ ಸ್ಟೂಲೂ ಕಾಣುತ್ತಿತ್ತು. ಹತ್ತು ವರ್ಷದ ಸ್ನೇಹವನ್ನು ಒಂದು ಚೀಟಿಗೆ ಕಳೆದುಕೊಂಡೆನಲ್ಲ ಎಂದು ಒಂದು ಸಂಜೆ ಕಣ್ಣಲ್ಲಿ ನೀರೇ ಬಂತು. ಆದರೂ ಮಾತು ಬದಲಿಸಲಿಲ್ಲ. ಎಂಟನೆಯ ದಿನ ಅವಳೇ ರಸ್ತೆ ದಾಟಿ ಬಂದಳು.

‘ಆತ್ರಿ, ನಿಮ್ಮ ಚೀಟೀನ ಹಚ್ಚತೀನಿ. ಸುಳ್ಳ ಹೇಳಿ ಮಾರಿದ್ರ ರಾತ್ರಿ ಊಟ ಸೇರೂದಿಲ್ಲ ನನಗೂ. ಆದರ ಸಂತಿ ದಿನ ನೀವೂ ನನ್ನ ಬಗಲಾಗ ನಿಂದರಬೇಕು. ಕೇಳಿದವರಿಗೆ ನೀವ ಹೇಳ್ರಿ.’

ಸಂತೆಯ ದಿನ ಶಾಲೆ ಬಿಟ್ಟವಳೇ ಹೋಗಿ ನಿಂತೆ. ಮೋಡ ಕವಿದ ತಂಪು ಸಂಜೆ, ಒಳ್ಳೆಯ ಜನ. ಜೈನಾಪುರದ ಹೆಣ್ಣುಮಗಳೊಬ್ಬಳು ಬಾಟಲಿ ಎತ್ತಿ ಮೂಸಿ ನೋಡಿ, ‘ಅಕ್ಕೋರ, ನೀವ ಹಚ್ಕೊಂಡೀರೇನ್ರಿ?’ ಎಂದಳು. ‘ತಿಂಗಳಗಟ್ಟಲೆ ಹಚ್ಕೊಂಡೇನಿ’ ಎಂದೆ ಎದೆಯುಬ್ಬಿಸಿ. ಅವಳು ನನ್ನ ತಲೆಯನ್ನು ನೋಡಿದಳು. ಬೈತಲೆಯಿಂದ ಜಡೆಯ ತುದಿಯವರೆಗೆ ನೋಡಿದಳು. ನೋಡಿ, ಮಗುವನ್ನು ಮಲಗಿಸುವಷ್ಟು ಹುಷಾರಾಗಿ ಬಾಟಲಿಯನ್ನು ಇದ್ದಲ್ಲೇ ಇಟ್ಟು ಹೋದಳು. ಎರಡನೆಯವಳೂ ಹಾಗೇ ಮಾಡಿದಳು. ಮೂರನೆಯವಳು ಮಾತ್ರ ಬಾಯಿ ಬಿಟ್ಟೇ, ‘ಯವ್ವಾ, ಇದನ್ನ ಹಚ್ಕೊಂಡ ಹಿಂಗಾತೇನ್ರಿ?’ ಎಂದು ಕೇಳಿದಳು. ಇಲ್ಲವ್ವ, ಇದು ಮೊದಲಿಂದಲೂ ಹೀಗೇ ಎಂದು ನಾನು ವಿವರಿಸುವಷ್ಟರಲ್ಲಿ ಅವಳು ಉಳ್ಳಾಗಡ್ಡಿಯ ಸಾಲಿನಲ್ಲಿದ್ದಳು. ದಿಲಶಾದ ನನ್ನ ಕಿವಿಯ ಹತ್ತಿರ ಬಂದಳು.

‘ಅಕ್ಕೋರ, ತುಸು ಸೆರಗ ಹೊತ್ಕೋರಿ. ಬಿಸಲ ಭಾಳ ಐತಿ.’

ಬಿಸಿಲು ಎಲ್ಲಿತ್ತು? ನಾನು ಮೋಡವನ್ನು ನೋಡಿದೆ, ಸಾಲಾಗಿ ನಿಂತ ಬಾಟಲಿಗಳನ್ನು ನೋಡಿದೆ, ಅವಳ ಮುಖವನ್ನು ನೋಡಿದೆ. ಸೆರಗನ್ನು ತಲೆಯ ತುಂಬ ಹೊತ್ತುಕೊಂಡೆ. ಆಮೇಲೆ ಬಂದವರು ಚೀಟಿ ಓದಿಸಿಕೊಂಡು ಕೇಳಿದರು, ಏನೂ ಮುಚ್ಚಿಡದೆ ಬರೆದಾರೆ ನೋಡು ಎಂದು ಮೆಚ್ಚಿದರು, ಬಾಟಲಿ ತೆಗೆದುಕೊಂಡೇ ಹೋದರು. ಕತ್ತಲಾಗುವಷ್ಟರಲ್ಲಿ ಎರಡೇ ಬಾಟಲಿ ಉಳಿದಿದ್ದವು. ಅವನ್ನು ಕೊಂಡ ಮುದುಕಿ ತನ್ನ ಸೊಸೆಗೆ ಹೇಳುತ್ತಿದ್ದಳು: ‘ಅಕ್ಕೋರ ಕೂದಲ ಎಷ್ಟ ದಪ್ಪ ಆಗಿರಬೇಕ ನೋಡ. ದೃಷ್ಟಿ ಆದೀತಂತ ಸೆರಗಿನಾಗ ಮುಚ್ಕೊಂಡ ನಿಂತಾರ.’

ತಪ್ಪು ಎಂದು ಹೇಳಲು ನಾನು ಬಾಯಿ ತೆರೆದದ್ದು ನಿಜ. ಆದರೆ ಇಪ್ಪತ್ತು ವರ್ಷದ ಮೇಲೆ ಒಬ್ಬರು ನನ್ನ ಕೂದಲನ್ನು ಹೊಗಳಿದ್ದರು. ಬಾಯಿ ಮುಚ್ಚಿ, ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡೆ.